ಹೇಳದೆ ಉಳಿಸಿಕೊಂಡ ಪಾಠ

"ಗುರುಗಳೇ, ನನ್ನ ಪಾಠ ನನಗೆ ಬಂದಾಯಿತು. ಉಳಿದವರಿಗೆ ಬರುವ ತನಕ ನಾನೇಕೆ ಅವರ ಜೊತೆ ಕೂತಿರಬೇಕು?" ಎಂದು ಮರುಳಯ್ಯ ಕೇಳಿದ. ಆ ವಿದ್ಯಾಪೀಠದಲ್ಲಿ ಎಲ್ಲರಿಗಿಂತ ಬೇಗ ಕಲಿಯುವವನು ಅವನೇ. ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದದ್ದೂ ಅವನಿಗೇ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹಿರಿಯ ವೈದ್ಯರಿದ್ದರು. ಅವರ ಪಾಠದ ಕ್ರಮವೇ ಬೇರೆ. ಬೆಳಿಗ್ಗೆ ಒಬ್ಬ ಶಿಷ್ಯನಿಗೆ ನಾಡಿ ನೋಡುವುದನ್ನು ಹೇಳಿಕೊಡುವರು, ಒಬ್ಬನಿಗೆ ಪಥ್ಯ, ಇನ್ನೊಬ್ಬನಿಗೆ ರೋಗಿಯ ಮನೆಯವರೊಡನೆ ಮಾತಾಡುವ ಬಗೆ. ಸಂಜೆ ಪ್ರತಿಯೊಬ್ಬನೂ ತಾನು ಕಲಿತದ್ದನ್ನು ಉಳಿದವರಿಗೆ ಕಲಿಸಬೇಕು. ಹಾಗೆ ಕಲಿಸದೆ ಬಿಟ್ಟದ್ದು ಉಳಿದವರಿಗೆ ಬೇರೆಲ್ಲೂ ಸಿಗುತ್ತಿರಲಿಲ್ಲ. "ರೋಗ ಇಡೀ ಮನುಷ್ಯನಿಗೆ ಬರುತ್ತದೆ. ಅರ್ಧ ಕಲಿತ ವೈದ್ಯ ಅವನ ಬಳಿ ಹೋಗಬಾರದು" ಎನ್ನುವರು ಹಿರಿಯರು.

ಶಿಷ್ಯರಲ್ಲಿ ಒಬ್ಬ ಬಹಳ ಚುರುಕು. ಮದ್ದು ತಯಾರಿಸುವ ಭಾಗ ಅವನ ಪಾಲಿಗೆ ಬಂತು. ಅದರಲ್ಲಿ ಧನುರ್ವಾಯುವಿಗೆ ಕೊಡುವ ಮದ್ದೂ ಒಂದು. ಅದಕ್ಕೆ ಬೇಕಾದದ್ದು ಒಂದು ನಂಜಿನ ಬೇರು. ಅದನ್ನು ಅರೆಯುವ ಮೊದಲು ಗೋಮೂತ್ರದಲ್ಲಿ ನೆನೆಹಾಕಿ ನಂಜು ಇಳಿಸಬೇಕು.

ಸಂಜೆ ಚುರುಕಿನವನು ಬೇರಿನ ಗುರುತು ಹೇಳಿದ, ಅಳತೆ ಹೇಳಿದ, ಅರೆಯುವ ಬಗೆ ಹೇಳಿದ. ನಂಜು ಇಳಿಸುವುದನ್ನು ಮಾತ್ರ ಹೇಳಲಿಲ್ಲ. ಎಲ್ಲರಿಗೂ ಎಲ್ಲವೂ ಬಂದುಬಿಟ್ಟರೆ ತನ್ನ ಹೆಚ್ಚುಗಾರಿಕೆ ಏನುಳಿಯಿತು ಎಂಬ ಹೊಟ್ಟೆಯುರಿ ಅವನಿಗೆ. ಯಾರಾದರೂ ಕೇಳಿದರೆ ಹೇಳಿದರಾಯಿತು ಎಂದು ತನ್ನನ್ನು ತಾನೇ ಸಮಾಧಾನ ಮಾಡಿಕೊಂಡ. ಪಾಪ, ಕೇಳುವುದೊಂದಿದೆ ಎಂದು ಗೊತ್ತಿದ್ದರಲ್ಲವೇ ಯಾರಾದರೂ ಕೇಳುವುದು? ಕೆಲವೇ ದಿನಗಳಲ್ಲಿ ಹಿರಿಯರು ತೀರಿಕೊಂಡರು. ಶಿಷ್ಯರು ಊರೂರಿಗೆ ಚದುರಿಹೋದರು.

ಚುರುಕಿನವನು ಹೆಸರುವಾಸಿಯಾದ. ಎಷ್ಟೋ ವರ್ಷಗಳ ಮೇಲೆ ಒಂದು ದಿನ ತುಕ್ಕು ಹಿಡಿದ ಕುಡುಗೋಲು ಅವನ ಕಾಲಿಗೆ ತಾಗಿತು. ಗಾಯ ಚಿಕ್ಕದು, ಅವನು ಲೆಕ್ಕಿಸಲಿಲ್ಲ. ಆಮೇಲೆ ದವಡೆ ಬಿಗಿಯಿತು. ಬೆನ್ನು ಬಿಲ್ಲಿನಂತೆ ಬಾಗಿತು. ಕೈಬೆರಳು ಮರಗಟ್ಟಿದವು. ಅವನ ಹೆಂಡತಿ ಗಾಬರಿಯಿಂದ ಪಕ್ಕದೂರಿಗೆ ಹೇಳಿಕಳಿಸಿದಳು. ಅಲ್ಲಿಂದ ಓಡಿಬಂದವನು ಅವನ ಜೊತೆಯಲ್ಲೇ ಕಲಿತ ಗೆಳೆಯ.

ಗೆಳೆಯ ನಾಡಿ ನೋಡಿದ. ಈ ರೋಗ ಅವನ ಕೈಗೆ ಬಂದದ್ದು ಅದೇ ಮೊದಲು, ಆದರೂ ಯಾವುದೆಂದು ಸರಿಯಾಗಿಯೇ ಗುರುತಿಸಿದ. "ಹೆದರಬೇಡಿ ತಾಯಿ. ಇದರ ಮದ್ದು ನಿಮ್ಮ ಯಜಮಾನರೇ ನನಗೆ ಕಲಿಸಿಕೊಟ್ಟದ್ದು" ಎಂದು ಅವಳಿಗೆ ಧೈರ್ಯ ಹೇಳಿದ. ಚೀಲದಿಂದ ಬೇರು ತೆಗೆದು ಹಸಿಯದನ್ನೇ ಕಲ್ಲಿನ ಮೇಲಿಟ್ಟು ಅರೆಯಲು ಕೂತ.

ಮಲಗಿದ್ದವನಿಗೆ ಎಲ್ಲವೂ ಕಾಣುತ್ತಿತ್ತು, ಎಲ್ಲವೂ ಕೇಳುತ್ತಿತ್ತು. ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ದವಡೆ ಬಿಡಲಿಲ್ಲ. ಸನ್ನೆ ಮಾಡೋಣವೆಂದರೆ ಕೈ ಏಳಲಿಲ್ಲ. ಕಣ್ಣಿನಲ್ಲಿ ನೀರು ಸುರಿಯಿತು. ನನ್ನನ್ನು ನೋಡಿ ಸಂತೋಷಕ್ಕೆ ಅಳುತ್ತಿದ್ದಾನೆ ಎಂದುಕೊಂಡ ಗೆಳೆಯ, ತಾನೂ ಕಣ್ಣೊರೆಸಿಕೊಂಡು, ಹಲ್ಲುಗಳ ಸಂದಿಯಲ್ಲಿ ಮದ್ದನ್ನು ಹನಿಹನಿಯಾಗಿ ಬಿಟ್ಟ. ಹೊತ್ತು ಮುಳುಗುವ ಮೊದಲೇ ರೋಗಿಯ ಉಸಿರು ನಿಂತಿತು.

ಕೇಳುತ್ತಿದ್ದ ಮರುಳಯ್ಯನಿಗೆ ಸತ್ತವನಿಗಿಂತ ಆ ಗೆಳೆಯನನ್ನು ನೆನೆದೇ ಹೆಚ್ಚು ಸಂಕಟವಾಯಿತು. "ತನ್ನ ಕೈಯಿಂದಲೇ ಹೋದ ಎಂದು ಅವನಿಗೆ ಆಮೇಲಾದರೂ ತಿಳಿಯಿತೇ, ಗುರುಗಳೇ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ ಮಗು, ರೋಗವೇ ಕೈಮೀರಿತ್ತು ಎಂದುಕೊಂಡ, ಈಗ ಅವನೂ ಗುರುವಾಗಿ, ಆ ಮದ್ದನ್ನು ತನಗೆ ಬಂದಂತೆಯೇ ಶಿಷ್ಯರಿಗೆಲ್ಲ ಕಲಿಸುತ್ತಿದ್ದಾನೆ."