ಬಡಿಸದೆ ಉಳಿದ ಎಲೆ

ಹೊಳೆದಂಡೆಯ ಆಶ್ರಮ. ಮಧ್ಯಾಹ್ನದ ಊಟಕ್ಕೆ ಗಂಡಸರದೊಂದು ಪಂಕ್ತಿ, ಹೆಂಗಸರದೊಂದು. ಕೊನೆಯ ಎಲೆಗೆ ಬಡಿಸುವವರೆಗೆ ಯಾರೂ ತುತ್ತೆತ್ತುವಂತಿಲ್ಲ.

ದೋಣಿ ಇಳಿದು ಬಂದ ಚಂಪಕಾ ಕಾಲು ತೊಳೆದು ಹೆಂಗಸರ ಪಂಕ್ತಿಯಲ್ಲಿ ಕೂತಳು. ಹುಟ್ಟಿದಾಗ ಊರು ಅವಳನ್ನು ಗಂಡು ಅಂದಿತ್ತು. ಮುಖದಲ್ಲೂ ದನಿಯಲ್ಲೂ ಅದರ ಗುರುತಿತ್ತು. ಪಕ್ಕದ ಭಾಗಮ್ಮ ಸರಿದು ಜಾಗ ಕೊಟ್ಟಳು.

ಅನ್ನ ಬಡಿಸುತ್ತ ಬಂದ ಶಿಷ್ಯ ವಾಮದೇವ ಅವಳೆದುರು ನಿಂತುಬಿಟ್ಟ. ಹನ್ನೆರಡು ವರ್ಷ ತರ್ಕ ಓದಿದವನು.

"ಈ ಎಲೆ ಇಲ್ಲಿರಬೇಕೋ, ಆ ಕಡೆಯೋ?"

"ಇಲ್ಲೇ ಅಣ್ಣ. ನಾನು ಹೆಂಗಸು. ಈ ಪ್ರಶ್ನೆ ಕೇಳಿಸಿಕೊಂಡೇ ಮೂರು ಊರು ಬಿಟ್ಟೆ. ಈ ಜಾಗವನ್ನೂ ಬಿಡು ಅಂದರೆ, ದೋಣಿ ಇನ್ನೂ ದಡದಲ್ಲೇ ಇದೆ."

ವಾಮದೇವ ಸೌಟು ಹಿಡಿದೇ ಒಲೆಯ ಹತ್ತಿರ ಹೋದ. ಅಲ್ಲಿ ಅವನ ಗುರು, ಎಲ್ಲರೂ ಅವ್ವ ಅನ್ನುವ ಮುದುಕಿ, ಹಪ್ಪಳ ಸುಡುತ್ತಿದ್ದಳು.

"ಅವ್ವ, ಹೆಂಗಸು ಎಂಬ ಪದಕ್ಕೆ ವ್ಯಾಖ್ಯೆ ಬೇಕು. ಇಲ್ಲದೆ ಹೇಗೆ ಬಡಿಸಲಿ?"

"ಓದಿದವನು ನೀನು. ಹೇಳು."

"ಹೆರುವವಳು."

"ಭಾಗಮ್ಮ ಹೆತ್ತಿಲ್ಲ. ಅವಳ ಎಲೆ ಎತ್ತು."

"ಹಾಗಲ್ಲ. ಹೆರಬಲ್ಲ ದೇಹದಲ್ಲಿ ಹುಟ್ಟಿದವಳು."

"ಸರಿ. ಒಬ್ಬೊಬ್ಬರನ್ನೂ ವಿಚಾರಿಸಿಕೊಂಡು ಬಾ. ಭಾಗಮ್ಮನಿಂದಲೇ ಶುರು ಮಾಡು."

"ಅಯ್ಯೋ, ಇದೇ ಸೌಟು ಕಿತ್ತುಕೊಂಡು ಬಡೀತಾಳೆ!"

"ಮತ್ತೆ ಇಷ್ಟು ವರ್ಷ ಹೇಗೆ ತಿಳೀತು?"

"ಅವರು ಬಂದು ಕೂರುತ್ತಿದ್ದರು. ನಾನು ಬಡಿಸುತ್ತಿದ್ದೆ."

"ಆಗೆಲ್ಲ ಪದ ಕೈಕೊಟ್ಟಿತ್ತೇನು?"

"ಇಲ್ಲ."

"ಇವತ್ತು ಕೈಕೊಟ್ಟದ್ದು ಪದವೋ, ನೀನೋ?"

ಪಂಕ್ತಿಯಿಂದ ಭಾಗಮ್ಮ ಕೂಗಿದಳು: "ಏ ಪಂಡಿತ! ಅವಳಿಗೆ ಹಾಕು. ನನ್ನ ಅನ್ನ ಆರಿಹೋಯಿತು."

ವಾಮದೇವ ಹೋಗಿ ಬಡಿಸಿದ. ತುಪ್ಪದ ಗಿಂಡಿ ಎತ್ತಿಕೊಂಡು ಕೇಳಿದ: "ತುಪ್ಪ ಹಾಕಲೇನು, ತಂಗಿ?"

"ಹಾಕು. ಕೈ ಬಿಗಿ ಮಾಡಬೇಡ."

ದಡದಿಂದ ಅಂಬಿಗ ಕರೆದ. ಬಾಯಿತುಂಬ ಅನ್ನವಿದ್ದ ಚಂಪಕಾ, ನೀನು ಹೊರಡು ಎಂದು ಎಡಗೈ ಬೀಸಿದಳು.

ಅವ್ವ ಹಪ್ಪಳ ಹಂಚುತ್ತ ಚಂಪಕಾಳ ಎಲೆಯವರೆಗೆ ಬಂದಳು. ವಾಮದೇವ ತಗ್ಗಿದ ದನಿಯಲ್ಲಿ ಅಂದ: "ಆದರೂ ಅವ್ವ, ವ್ಯಾಖ್ಯೆ ಅಂತ ಒಂದು ಬೇಕಲ್ಲ?"

"ಬರಿ, ಯಾರು ಬೇಡ ಅಂದರು? ಬರೆಯುವಾಗ ಈ ಎಲೆಯನ್ನೂ ಲೆಕ್ಕಕ್ಕೆ ತಗೋ."