ತೊಳೆಯದ ದೇವಿ

"ಗುರುಗಳೇ, ಕಾಲೇಜಿನಲ್ಲಿ ಧರ್ಮವನ್ನೇ ವಿಷಯವಾಗಿ ಓದಲು ನನಗೆ ಸೀಟು ಸಿಕ್ಕಿದೆ. ಸೇರಲು ನಾಳೆಯೇ ಕೊನೆಯ ದಿನ. ಆದರೆ ದೇವರನ್ನು ಪರೀಕ್ಷೆಗಾಗಿ ಓದಿದರೆ ಭಕ್ತಿ ಉಳಿದೀತೇ?" ಎಂದು ಶಿಷ್ಯ ನಿಜಗುಣ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅರ್ಚಕನಿದ್ದ. ಅವನ ಗುಡಿಯ ದೇವಿಗೆ ಪ್ರತಿ ಶುಕ್ರವಾರ ಎಣ್ಣೆಯಲ್ಲಿ ಕಲಸಿದ ಕುಂಕುಮ ಮೆತ್ತುವ ಪದ್ಧತಿ. ತೊಳೆಯುವ ಪದ್ಧತಿ ಇಲ್ಲ. ಮುತ್ತಜ್ಜನ ಕಾಲದಿಂದ ಮೆತ್ತಿ ಮೆತ್ತಿ ದೇವಿ ಒಂದು ಕೆಂಪು ಗುಂಡಾಗಿ ನಿಂತಿದ್ದಳು. ಕಣ್ಣಿಲ್ಲ, ಮೂಗಿಲ್ಲ. ಅರ್ಚಕ ಮಾತ್ರ ದಿನವೂ ಅದರೆದುರು ಕೈಮುಗಿದು 'ನಗುಮೊಗದ ತಾಯೇ' ಎಂದು ಹಾಡುತ್ತಿದ್ದ.

ಅವನ ಮಗಳು ಕಾಲೇಜಿನಲ್ಲಿ ಧರ್ಮವನ್ನು ಓದಿ ಬಂದಳು. ಹಾಡು ಕೇಳಿದಳು, ಗುಂಡನ್ನು ನೋಡಿದಳು.

"ಅಪ್ಪಾ, ನಗು ಎಲ್ಲಿ?"

"ಹಾಗೆಲ್ಲ ಕೇಳಬಾರದಮ್ಮ."

"ಹಾಡು ಕಟ್ಟಿದವರು ಕಣ್ಣಾರೆ ಕಂಡೇ ಕಟ್ಟಿರಬೇಕು. ಒಮ್ಮೆ ತೊಳೆದು ನೋಡೋಣ."

ಅರ್ಚಕ ಬೇಡವೇ ಬೇಡ ಎಂದ. ಊರಿಗೆ ಕೇಡಾದೀತು ಎಂದ. ಹಿರಿಯರು ಒಪ್ಪುವುದಿಲ್ಲ ಎಂದ. ಹಿರಿಯರೋ, ಕೇಳಿದ್ದೇ ತಡ ಒಪ್ಪಿಬಿಟ್ಟರು. ಅವರಿಗೂ ಒಳಗೊಳಗೇ ನೋಡುವ ಆಸೆಯಿತ್ತು. ಇನ್ನು ಅವನಿಗೆ ನೆಪ ಉಳಿಯಲಿಲ್ಲ. ನಿಜವಾದ ಭಯ ಅವನೊಬ್ಬನಿಗೇ ಗೊತ್ತಿತ್ತು. ಒಳಗೆ ಬರಿಯ ಕಲ್ಲಿದ್ದರೆ? ಜೀವಮಾನವೆಲ್ಲ ತಾನು ಹಾಡಿದ್ದು ಯಾರ ಮುಂದೆ?

ಮಗಳು ಬೆಚ್ಚನೆಯ ಎಣ್ಣೆ ಸುರಿದು, ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜತೊಡಗಿದಳು. ಕುಂಕುಮ ಪದರಪದರವಾಗಿ ಕಳಚಿ ಬಿತ್ತು. ಅರ್ಚಕ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಬಾಗಿಲಲ್ಲಿದ್ದ ಹೆಂಗಸರು "ಅಯ್ಯೋ ನಮ್ಮವ್ವಾ!" ಎಂದಾಗ ತೆರೆದ.

ಕರಿಕಲ್ಲಿನ ಮುಖ. ತುಟಿಯಂಚಿನಲ್ಲಿ ನಗು. ತೋಳಿನಲ್ಲೊಂದು ಕೂಸು, ತಾಯಿಯ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಳ್ಳುತ್ತಿದೆ. ಆ ಕೂಸಿನ ಸುದ್ದಿ ಹಾಡಿನಲ್ಲಿ ಇರಲೇ ಇಲ್ಲ.

ಅರ್ಚಕ ಮಗಳ ಕೈಯಿಂದ ನಾರು ಕಿತ್ತುಕೊಂಡು, ಉಳಿದದ್ದನ್ನು ತಾನೇ ಉಜ್ಜಿದ. ಅಳುತ್ತಲೇ ನಗುತ್ತಿದ್ದ. ಗಂಟೆ ಮೊಳಗಿತು, ಡೋಲು ಗುಡುಗಿತು, ಊರಿಗೆ ಊರೇ ಗುಡಿಗೆ ಓಡಿ ಬಂತು. ಎಲ್ಲರೂ ಅವನ ಮಗಳಿಗೆ ದಾರಿ ಬಿಟ್ಟು, ಮೊದಲ ಆರತಿಯನ್ನು ಅವಳ ಕೈಯಲ್ಲೇ ಮಾಡಿಸಿದರು. ಅಂದು ಅರ್ಚಕ ಹಾಡಿದಂತೆ ಹಿಂದೆಂದೂ ಹಾಡಿರಲಿಲ್ಲ.

ನಿಜಗುಣನ ಮುಖ ಅರಳಿತು. "ಹಾಗಾದರೆ ಓದಿದರೆ ಭಕ್ತಿಗೇನೂ ಆಗುವುದಿಲ್ಲ ಅನ್ನಿ!"

ಗುರುಗಳು ಅವನನ್ನೇ ನೋಡಿದರು. "ಇಷ್ಟು ದಿನ ನೀನು ಜೋಪಾನ ಮಾಡಿದ್ದು ಭಕ್ತಿಯನ್ನೋ, ಅನುಮಾನವನ್ನೋ?"