ಪುಟ್ಟತಾಯಮ್ಮನೆಂಬ ವಿಮಾನ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಬೇಡವಾದುದನ್ನು ಬದಿಗಿಟ್ಟು ನೋಡುವುದೇ ವಿವೇಕ ಎಂದಿರಿ. ಬೇಡವಾದುದು ಯಾವುದು ಎಂದು ತಿಳಿಯುವುದು ಹೇಗೆ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗುರುತುಗಾರನಿದ್ದ. ಹವ್ಯಾಸಿಗಳು ಹಿತ್ತಲಿನಲ್ಲೋ ಕೊಟ್ಟಿಗೆಯಲ್ಲೋ ಕೈಯಾರೆ ಕಟ್ಟಿಕೊಂಡ ವಿಮಾನಗಳ ಫೋಟೋ ನೋಡಿ, ಇದು ಇಂಥ ಮಾದರಿ, ಇಂಥವರ ನಕ್ಷೆ ಎಂದು ಹೇಳುವುದೇ ಅವನ ಸುಖ. ಲೋಕದಲ್ಲಿ ಒಂದೇ ಒಂದು ಇರುವ ವಿಮಾನವಾದರೂ ಸರಿ, ರೆಕ್ಕೆ, ಬಾಲ ನೋಡಿ ಅದರ ಕುಲಗೋತ್ರ ಹೇಳಿಬಿಡುತ್ತಿದ್ದ. ಬೇಕಾದರೆ ಊಟ ಬಿಟ್ಟಾನು, ಫೋಟೋ ಬಿಡುತ್ತಿರಲಿಲ್ಲ. ಹೆಂಡತಿ ಬೈದರೆ ನಗುತ್ತಿದ್ದ.

ಅವನಿಗೊಂದು ಪದ್ಧತಿಯಿತ್ತು. ಫೋಟೋ ಕೈಗೆ ಬಂದೊಡನೆ, ವಿಮಾನದ ಪಕ್ಕ ನಿಂತ ಜನರನ್ನೂ ಆಯುಧಪೂಜೆಯ ಹಾರ, ಬಾಳೆಕಂದುಗಳನ್ನೂ ಹೆಬ್ಬೆರಳಿನಿಂದ ಮುಚ್ಚಿಬಿಡುತ್ತಿದ್ದ. ನಮ್ಮ ಕಡೆ ಗಾಲಿಯಿರುವ ಯಾವುದನ್ನೂ ಹೂ ಮುಡಿಸದೆ ಫೋಟೋ ತೆಗೆಸುವುದಿಲ್ಲವಲ್ಲ. ಅವೆಲ್ಲ ಕಣ್ಣನ್ನು ದಾರಿ ತಪ್ಪಿಸುತ್ತವೆ ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ.

ಒಂದು ದಿನ ತೆಂಗಿನ ಸೀಮೆಯ ಹೆಂಗಸೊಬ್ಬಳು ಒಂದು ಫೋಟೋ ತಂದಳು. ತೀರಿಹೋದ ತಂದೆ ಕಟ್ಟಿದ ವಿಮಾನ, ಕೆರೆಯಂಗಳದಲ್ಲಿ ನಿಂತಾಗ ಯಾರೋ ದಾರಿಹೋಕರು ತೆಗೆದದ್ದು, ಇದರ ವಿಚಾರ ನೀವು ಒಂದು ಮಾತು ಹೇಳಬೇಕು ಎಂದಳು. ಯಾವ ಮಾತು ಎಂದು ಅವನು ಕೇಳಲಿಲ್ಲ. ಚಕ್ರದ ಬಳಿ ಬಗ್ಗಿದ್ದ ಮನುಷ್ಯನ ಮೇಲೂ ಅಲ್ಲಿ ಹಾರದಂತೆ ಕಂಡದ್ದರ ಮೇಲೂ ಹೆಬ್ಬೆರಳಿಟ್ಟು ಒಳಗೆ ಹೋದ. ರೆಕ್ಕೆ ಒಂದು ನಕ್ಷೆಯದು, ಬಾಲ ಇನ್ನೊಂದರದು, ಮೂತಿ ಯಾವುದರದೂ ಅಲ್ಲ. ಪುಸ್ತಕಗಳನ್ನೆಲ್ಲ ತಿರುವಿದ. ಹೆಂಗಸು ಜಗಲಿಯಲ್ಲಿ ಕಾದು ಕೂತಳು. ಕೊನೆಗೆ ಅವನು ಹೊರಗೆ ಬಂದ.

“ಸೋತೆ ಕಣಮ್ಮ. ಇದ್ರ ಹೆಸ್ರು ಗೊತ್ತಾಗ್ಲಿಲ್ಲ.”

“ಹೆಸ್ರು ನಂಗೊತ್ತು ಸ್ವಾಮಿ,” ಎಂದಳು ಅವಳು. “ಪುಟ್ಟತಾಯಮ್ಮ. ನಮ್ಮಜ್ಜಿ ಹೆಸ್ರು, ಅಪ್ಪನೇ ಇಟ್ಟಿದ್ದು. ಇದು ಹಾರಿತ್ತೋ ಇಲ್ವೋ, ಅದನ್ನ ಹೇಳಿ. ಒಂದ್ಸಲ ಹಾರ್ತು ಅಂತ ಅಪ್ಪ ಸಾಯೋವರ್ಗೂ ಹೇಳ್ತಿದ್ರು. ಊರೋರು ನಕ್ರು. ನಾನು ಹೂಂ ಅಂತಿದ್ದೆ, ನಂಬ್ತಿರ್ಲಿಲ್ಲ. ಈಗ ಅದೇ ಚುಚ್ಚುತ್ತೆ.”

ನೆಲದ ಮೇಲೆ ನಿಂತ ವಿಮಾನ ಹಾರಿತ್ತೋ ಇಲ್ಲವೋ ಎಂದು ಯಾರು ಹೇಳಬಲ್ಲರು? ರೆಕ್ಕೆ ಬಾಯಿ ಬಿಡಲಿಲ್ಲ, ಬಾಲವೂ ಬಿಡಲಿಲ್ಲ. ಗುರುತುಗಾರನಿಗೆ ನಾಚಿಕೆಯಾಯಿತು. ಫೋಟೋ ಹಿಂದಿರುಗಿಸಲು ಕೈ ಚಾಚಿದ. ಹಿಂದಿರುಗಿಸಬೇಕಾದರೆ ಬೆರಳು ತೆಗೆಯಲೇಬೇಕು.

ತೆಗೆದವನು ಹಾಗೆಯೇ ನಿಂತ. ಚಕ್ರದ ಅಚ್ಚಿನಲ್ಲಿ ಇದ್ದದ್ದು ಹಾರವಲ್ಲ, ಹರಿದ ತೆಂಗಿನ ಗರಿ. ಜೊತೆಗೆ ಒಂದು ಹೊಂಬಾಳೆ. ಯಾರೂ ಕಟ್ಟಿದ್ದಲ್ಲ, ಅಚ್ಚಿಗೆ ಸುತ್ತಿಕೊಂಡು ಜಜ್ಜಿಹೋಗಿತ್ತು. ಅವಳ ತಂದೆ ಅದನ್ನು ಕೀಳಲು ಹೆಣಗುತ್ತಾ ಹಲ್ಲು ಬಿಟ್ಟು ನಗುತ್ತಿದ್ದ.

“ಅದು ಪೂಜೇದು ಅಂದ್ಕೊಂಡಿದ್ವಿ,” ಎಂದಳು ಹೆಂಗಸು.

“ನಾನೂ ಹಂಗೇ ಅಂದ್ಕೊಂಡೆ. ಹೊಂಬಾಳೆ ಬಿಡೋದು ಮರದ ನೆತ್ತೀಲಿ ತಾಯಿ. ನಿಮ್ಮ ಪುಟ್ಟತಾಯಮ್ಮ ಅಲ್ಲೀವರ್ಗೂ ಹೋಗಿ ಬಂದಿದಾಳೆ.”

ಅವಳು ಅತ್ತಳು. ಅಳುತ್ತಲೇ ನಕ್ಕಳು. ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಊರಿಗೆ ಹೊರಟಳು. ಆ ವಿಮಾನದ ಕುಲಗೋತ್ರ ಗುರುತುಗಾರನಿಗೆ ಇಂದಿಗೂ ಗೊತ್ತಿಲ್ಲ. ಅವತ್ತು ಮಾತ್ರ ಹೊಟ್ಟೆ ತುಂಬ ಉಂಡ.

ಗುರುಗಳು ಕತೆ ಮುಗಿಸಿದರು. ಶಿಷ್ಯ, “ಹಾಗಾದರೆ ಬೆರಳಿಟ್ಟು ಮುಚ್ಚಿದ್ದೇ ತಪ್ಪೇ?” ಎಂದ.

“ಬೇಡವಾದುದು ಯಾವುದು ಎಂದು ಕೇಳಿದೆಯಪ್ಪ, ಯಾರಿಗೆ ಬೇಡವಾದುದು ಎಂದು ಕೇಳಲಿಲ್ಲ,” ಎಂದರು ಗುರುಗಳು.